ಮಡ್ಡಿಯ ಮೇಲೆ ಎಂಟು ಪಟ್ಟು ಸಾಕು: ನಿಕಾನ್ ಮೊನಾರ್ಕ್ ಎಂ5 8×42 ದುರ್ಬೀನಿನ ವಿಮರ್ಶೆ

ಡಿಸೆಂಬರ್ ಹತ್ತಿರ ಬಂದಂತೆ ವಿಜಯಪುರ, ಬಾಗಲಕೋಟೆ ಕಡೆ ಹಕ್ಕಿ ನೋಡಲು ಹೊಸದಾಗಿ ಶುರುಮಾಡುವವರು ಕೇಳುವ ಪ್ರಶ್ನೆ ಒಂದೇ: ದುರ್ಬೀನು 8 ಪಟ್ಟಿನದು ಸಾಕೋ, 10 ಪಟ್ಟಿನದೇ ಬೇಕೋ? ಮಲೆನಾಡಿನವರಿಗೆ ಈ ಗೊಂದಲ ಅಷ್ಟಿಲ್ಲ. ಅಲ್ಲಿ ಮರ ಹತ್ತಿರ, ಹಕ್ಕಿಯೂ ಹತ್ತಿರ. ನಮ್ಮ ಮಡ್ಡಿಯ, ಅಂದರೆ ಹುಲ್ಲು ಬೆಳೆಯುವ ಒಣ ದಿಬ್ಬದ, ಮೇಲೆ ನಿಂತರೆ ಮೊಣಕಾಲೆತ್ತರದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಇಳಿಜಾರಿನ ಕೆಳಗೆ ಎರೆ ಹೊಲದ ಬಿಳಿಜೋಳ, ಕಡಲೆ, ಅದರಾಚೆ ಬರೀ ಬಾನು. ಇಷ್ಟು ದೂರ ಕಾಣುವ ಕಡೆ ಪಟ್ಟು ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಈ ಲೆಕ್ಕ ಹೆಚ್ಚು ಕೈಕೊಡುವುದು ಮಡ್ಡಿಯಲ್ಲೇ. ಅದು ಹೇಗೆ ಅನ್ನುವುದನ್ನು ನಿಕಾನ್ ಮೊನಾರ್ಕ್ ಎಂ5 8×42 ಮುಂದಿಟ್ಟುಕೊಂಡು ನೋಡೋಣ. ಹೋಲಿಕೆಗೆ ಒಲಿಂಪಸ್ 8×40 ಡಿಪಿಎಸ್ ಐ ಮತ್ತು ನಿಕಾನ್‌ನದೇ ಅಕ್ಯುಲಾನ್ ಎ211 10×50. ಇವೆರಡೂ ಅಗಲ ಹೆಗಲಿನ ಹಳೇ ಪೊರೊ ಮಾದರಿಯವು. ಎಂ5 ನೇರ ಕೊಳವೆಯ ರೂಫ್ ಮಾದರಿಯದು.

ಮೊದಲು ಅಂಕಿಗಳು. 8 ಅಂದರೆ ಪಟ್ಟು, ವಸ್ತುವನ್ನು ಎಷ್ಟು ಪಟ್ಟು ಹತ್ತಿರ ತಂದು ತೋರಿಸುತ್ತದೆ ಅನ್ನುವುದು. 42 ಅಂದರೆ ಮುಂದಿನ ಗಾಜಿನ ಅಡ್ಡಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎಂ5ನ ತೂಕ ಸುಮಾರು 630 ಗ್ರಾಂ. ನೋಟದ ಅಗಲ 6.4 ಡಿಗ್ರಿ. ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣನ್ನು ಎಷ್ಟು ಹಿಂದೆ ಇಟ್ಟರೂ ಪೂರ್ತಿ ವೃತ್ತ ಕಾಣುತ್ತದೆ ಅನ್ನುವ ಅಳತೆ, 19.5 ಮಿ.ಮೀ. 2.5 ಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುತ್ತದೆ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದು, ಒಂದು ಮೀಟರ್ ಆಳದ ನೀರಿನಲ್ಲಿ 10 ನಿಮಿಷ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಮಾದರಿ 2021ರಲ್ಲಿ ಬಂದದ್ದು. ಅದಕ್ಕಿಂತ ಮುಂಚಿನದರ ಹೆಸರು ಮೊನಾರ್ಕ್ 5. ನಡುವೆ ಒಂದು 'ಎಂ' ಇಲ್ಲ, ಅಷ್ಟೇ. ಹಳೆಯದೂ ಕೆಟ್ಟದ್ದಲ್ಲ, ಆದರೆ ಹಳೇ ದಾಸ್ತಾನಿಗೆ ಹೊಸದರ ಬೆಲೆ ಕೊಡುವ ಅಗತ್ಯವಿಲ್ಲ. ಬಿಲ್ಲಿನಲ್ಲಿ ಯಾವ ಹೆಸರು ಬರೆದಿದ್ದಾರೆ ನೋಡಿಕೊಳ್ಳಿ.

ಪೆಟ್ಟಿಗೆಯ ಮೇಲೆ '112 ಮೀ/1000 ಮೀ' ಎಂದಿರುವುದನ್ನು ಬಹಳ ಜನ 'ಸಾವಿರ ಮೀಟರ್ ತನಕ ಕಾಣುತ್ತದೆ' ಎಂದು ಓದುತ್ತಾರೆ. ಕೆಲವು ಅಂಗಡಿಯವರೂ ಹಾಗೇ ಹೇಳಿ ಮಾರುತ್ತಾರೆ. ದುರ್ಬೀನಿಗೆ ಅಂಥ ಗಡಿ ಇಲ್ಲ, ಬರಿಗಣ್ಣಿಗೂ ಚಂದ್ರ ಕಾಣುತ್ತಾನಲ್ಲ! ಒಂದು ಕಿಲೋಮೀಟರ್ ದೂರದಲ್ಲಿ ಎಷ್ಟು ಅಗಲದ ಬಯಲು ಒಮ್ಮೆಗೇ ವೃತ್ತದೊಳಗೆ ಬರುತ್ತದೆ ಅನ್ನುವುದಷ್ಟೇ ಅದರ ಅರ್ಥ. ಇದೇ ಲೆಕ್ಕದಲ್ಲಿ ಒಲಿಂಪಸ್ 8×40ಕ್ಕೆ 143 ಮೀಟರ್ ಸಿಗುತ್ತದೆ, ಅಕ್ಯುಲಾನ್ 10×50ಕ್ಕೆ 114. ಅಂದರೆ ಮೂರರಲ್ಲಿ ಅತಿ ಇಕ್ಕಟ್ಟಾದ ನೋಟ ಎಂ5ನದೇ. 10 ಪಟ್ಟಿನ ಪೊರೊ ಕೂಡ ಇದಕ್ಕಿಂತ ಕೂದಲೆಳೆಯಷ್ಟು ಅಗಲ. ಬೆಲೆಯಲ್ಲಿ ಮಾತ್ರ ಎಂ5 ಎರಡನ್ನೂ ಬಹಳ ಹಿಂದೆ ಹಾಕಿದೆ. ಇದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಈ ಕೊರತೆ ಹೊಲದಲ್ಲಿ ಹೇಗೆ ಕಾಡುತ್ತದೆ? ಹುಲ್ಲಿನ ಮೇಲೆ ತೀರ ಕೆಳಗೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತ ಹೋಗುವ ಸೆಳೆವವನ್ನು, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಯನ್ನು, 60 ಮೀಟರಿನಲ್ಲಿ ಹಿಡಿಯಬೇಕು ಅನ್ನಿ. ಅಷ್ಟು ದೂರದಲ್ಲಿ ಎಂ5 ತೋರಿಸುವುದು 6.7 ಮೀಟರ್ ಅಗಲ, ಒಲಿಂಪಸ್ 8.6 ಮೀಟರ್. ಹಕ್ಕಿ ಪಕ್ಕನೆ ತಿರುಗಿದರೆ ಎಂ5ನ ವೃತ್ತದಿಂದ ಬೇಗ ಜಾರುತ್ತದೆ. ಎದ್ದು ಹಾರಿದ, ಲಾರ್ಕ್ ಜಾತಿಯ ಬಾನಾಡಿಯನ್ನು ಹುಡುಕುವಾಗಲೂ ಇದೇ ಕಷ್ಟ. ಇದಕ್ಕೆ ಅಭ್ಯಾಸವೇ ಮದ್ದು: ಕಣ್ಣನ್ನು ಹಕ್ಕಿಯ ಮೇಲಿಂದ ತೆಗೆಯದೆ ದುರ್ಬೀನನ್ನು ಮುಖಕ್ಕೆ ತರಬೇಕು. ದುರ್ಬೀನಿನ ಕಡೆ ನೋಡಿ, ಎತ್ತಿ, ಆಮೇಲೆ ಹಕ್ಕಿ ಹುಡುಕುವವರಿಗೆ 6.4 ಡಿಗ್ರಿ ಸಾಲುವುದಿಲ್ಲ. ನಿಂತ ಟಿಟ್ಟಿಭವನ್ನೋ ಕರೆಂಟ್ ತಂತಿಯ ಮೇಲಿನ ಕಳಿಂಗವನ್ನೋ ಗುರಿಯಾಗಿಟ್ಟುಕೊಂಡು ಹತ್ತಿಪ್ಪತ್ತು ಸಲ ಎತ್ತಿ ಇಳಿಸಿದರೆ ಕೈಗೆ ರೂಢಿಯಾಗುತ್ತದೆ.

ಹಾಗಾದರೆ ಎಂ5ಗೆ ದುಡ್ಡು ಯಾಕೆ ಸುರಿಯಬೇಕು? ಬೆಳಕಿಗಾಗಿಯೇ? ಅದೂ ಅಲ್ಲ. ಮುಂದಿನ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., 50ನ್ನು 10ರಿಂದ ಭಾಗಿಸಿದರೆ 5, 40ನ್ನು 8ರಿಂದ ಭಾಗಿಸಿದರೂ 5. ಮೂರೂ ಹೆಚ್ಚುಕಡಿಮೆ ಸಮ. ನಸುಕಿನಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುವುದೂ ಸುಮಾರು ಅಷ್ಟೇ, ನಡುವಯಸ್ಸು ದಾಟಿದವರಿಗೆ ಇನ್ನೂ ಕಡಿಮೆ. ಜೇಬಿಗೆ ಹಿಡಿಯುವ 10×25 ಕೊಂಡವರು ಮಾತ್ರ ಇಲ್ಲಿ ಸೋಲುತ್ತಾರೆ: ಎರಡೂವರೆ ಮಿ.ಮೀ. ಬಿಲ್ಲೆಯಲ್ಲಿ ಬೆಳಗಿನ ಜಾವದ ಮಡ್ಡಿ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆಗೆ. ಹ್ಯಾರಿಯರ್‌ಗಳು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ತಂಗಿ, ಹೊತ್ತು ಹುಟ್ಟುವ ಆಸುಪಾಸಿನಲ್ಲಿ ಎದ್ದು ಚದುರುತ್ತವೆ. ಅದನ್ನು ನೋಡಬೇಕಾದರೆ 6.30ಕ್ಕೇ ಜಾಗದಲ್ಲಿರಬೇಕು. ತಂಗುದಾಣದ ಒಳಗೆ ಕಾಲಿಡದೆ ಕನಿಷ್ಠ ಒಂದಿನ್ನೂರು ಮೀಟರ್ ಹೊರಗೇ ನಿಲ್ಲಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ವ್ಯತ್ಯಾಸ ಶುರುವಾಗುವುದು ಕೈಯಲ್ಲಿ. ಅಕ್ಯುಲಾನ್ 10×50 ತೂಗುವುದು 900 ಗ್ರಾಂ. ಮಡ್ಡಿಯ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. ಗಾಳಿಯಂತ್ರಗಳನ್ನು ಇಂಥ ದಿಬ್ಬಗಳ ಮೇಲೆಯೇ ನೆಡುತ್ತಾರೆ ಅನ್ನುವುದನ್ನು ನೆನೆದರೆ ಸಾಕು. ಥಂಡಿಗೆ ಬೆರಳು ಮರಗಟ್ಟಿದಾಗ, ಎದುರುಗಾಳಿಯಲ್ಲಿ, ಹತ್ತಿರ ಹತ್ತಿರ ಒಂದು ಕಿಲೋ ತೂಕವನ್ನು ಎತ್ತಿ ಹಿಡಿದು ಹಾರುವ ಹಕ್ಕಿಯ ರೆಕ್ಕೆಯ ಗೆರೆ ಎಣಿಸುವುದು ಎರಡು ನಿಮಿಷದ ಆಟ. ಆಮೇಲೆ ಕೈ ನಡುಗುತ್ತದೆ, ಆ ನಡುಕವೂ ಹತ್ತು ಪಟ್ಟಾಗಿಯೇ ಕಾಣುತ್ತದೆ. ಲಾಭವನ್ನೂ ಲೆಕ್ಕ ಹಾಕಿ: 240 ಮೀಟರ್ ದೂರದ ಹಕ್ಕಿ 8 ಪಟ್ಟಿನಲ್ಲಿ 30 ಮೀಟರಿಗೆ ಬಂದಂತೆ ಕಾಣುತ್ತದೆ, 10 ಪಟ್ಟಿನಲ್ಲಿ 24 ಮೀಟರಿಗೆ. ಗಳಿಸಿದ್ದು ಆರು ಮೀಟರ್. ಕೈ ಅಲುಗಿದರೆ ಆ ಆರೂ ಹೋಯಿತು. ಎಂ5ನಲ್ಲಿಯೂ ಕೈ ಅಲುಗದಿರಲು ಒಡ್ಡಿಗೆ ಬೆನ್ನು ಕೊಟ್ಟು ಕೂತು ಮೊಣಕೈ ಎರಡನ್ನೂ ಮೊಣಕಾಲ ಮೇಲೆ ಊರಬೇಕು. ನಿಂತೇ ನೋಡಬೇಕಾದಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಹೆಬ್ಬೆರಳನ್ನು ಕೆನ್ನೆಗೆ ಆನಿಸಿದರೆ ಬಹಳಷ್ಟು ನಡುಕ ನಿಲ್ಲುತ್ತದೆ.

ಎರಡನೆಯದು ನೆಲದ ಕಾವು. ಎರೆ ಮಣ್ಣು ಬಿಸಿಲನ್ನು ಬೇಗ ಕುಡಿಯುತ್ತದೆ. ಬೆಳಗ್ಗೆ ಹಲ್ಲು ಕಟಕಟ ಅನ್ನಿಸಿದ ಹೊಲವೇ 9.30ರ ಹೊತ್ತಿಗೆ ಬಿಸಿ ಉಸಿರು ಬಿಡಲು ಶುರುಮಾಡುತ್ತದೆ. ನೆಲದ ಹತ್ತಿರದ ಬಿಸಿ ಗಾಳಿ ಮೇಲಕ್ಕೇಳುವಾಗ ಬೆಳಕು ಬಾಗುತ್ತ ಹೋಗುತ್ತದೆ. ಇನ್ನೂರು ಮುನ್ನೂರು ಮೀಟರ್ ಆಚೆಯದೆಲ್ಲ ನೀರಿನ ತಳದಲ್ಲಿದ್ದಂತೆ ನಡುಗುತ್ತದೆ. ಎಷ್ಟೇ ದುಬಾರಿ ಗಾಜಿದ್ದರೂ ಈ ನಡುಕವನ್ನು ತಿದ್ದಲಾರದು. ಪಟ್ಟು ಹೆಚ್ಚಿದಷ್ಟೂ ನಡುಕವೇ ದೊಡ್ಡದಾಗುತ್ತದೆ, ಗೆರೆ ಸ್ಪಷ್ಟವಾಗುವುದಿಲ್ಲ. ಹೊಸದಾಗಿ 10×50 ಕೊಂಡವರು 'ಫೋಕಸ್ ಸರಿ ಕೂಡುತ್ತಿಲ್ಲ' ಎಂದು ಚಕ್ರ ತಿರುಗಿಸುತ್ತಲೇ ಇರುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲಿ. ದುರ್ಬೀನಿನ ದೋಷವೋ ನೆಲದ ಕಾವೋ ತಿಳಿಯಬೇಕಾದರೆ 30 ಮೀಟರಿನ ಒಂದು ಕಲ್ಲನ್ನು ನೋಡಿ. ಅದು ಚೂಪಾಗಿ ಕಂಡರೆ ದುರ್ಬೀನು ಸರಿಯಿದೆ. ಆ ಮೇಲಿನ ಹೊತ್ತನ್ನು ಹತ್ತಿರದ ಹಕ್ಕಿಗಳಿಗೆ, ಇಲ್ಲವೇ ಬಾನಿನಲ್ಲಿ ಸುತ್ತುವ ಗಿಡುಗ, ಹದ್ದುಗಳಿಗೆ ಇಟ್ಟುಕೊಳ್ಳುವುದು ಲೇಸು. ಮೇಲಕ್ಕೆ ನೋಡುವಾಗ ಈ ತೊಂದರೆ ಬಹಳ ಕಡಿಮೆ. ವಿಜಯಪುರದವರಾದರೆ ಆ ಹೊತ್ತಿಗೆ ಭೂತನಾಳ ಕೆರೆಯ ದಂಡೆಗೆ ಹೊರಳಬಹುದು.

ಮೂರನೆಯದು ಇಬ್ಬನಿ ಮತ್ತು ಉಸಿರು. ಎಂ5 ತನ್ನ ಬೆಲೆಗೆ ನ್ಯಾಯ ಒದಗಿಸುವುದು ಇಲ್ಲಿ, ಆದರೆ ಅರ್ಧ ಮಾತ್ರ. ನೈಟ್ರೋಜನ್ ತುಂಬಿದ ಸೀಲ್ ತಡೆಯುವುದು ಒಳಗಿನ ಮಂಜನ್ನು. ಪೊರೊ ಜೋಡಿಗಳೆರಡಕ್ಕೂ ಈ ಸೀಲ್ ಇಲ್ಲ. ಹೀಗಾಗಿ ಬೆಳಗಾವಿಯ ದಕ್ಷಿಣಕ್ಕೆ, ಖಾನಾಪುರ-ಜಾಂಬೋಟಿ ಕಡೆಯ ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ಮಂಜು ದಟ್ಟವಾಗಿರುವಾಗ ಅವುಗಳ ಒಳಗಾಜಿಗೆ ಹಬೆ ಕಟ್ಟಬಹುದು. ಅದನ್ನು ಒರೆಸಲು ಬರುವುದಿಲ್ಲ, ತಾನಾಗಿ ಆರುವ ತನಕ ಕಾಯಬೇಕು. ಹೊರಗಾಜಿನ ಮೇಲೆ ಕೂಡುವ ಹಬೆಗೆ ಮಾತ್ರ ಎಂ5ನದೂ ಅದೇ ಕಥೆ. ಅದಕ್ಕೆ ಮುಖ್ಯ ಕಾರಣ ಮಫ್ಲರ್! ಮೂಗು-ಬಾಯಿ ಮುಚ್ಚಿ ಮಫ್ಲರ್ ಸುತ್ತಿಕೊಂಡರೆ ಬಿಸಿ ಉಸಿರು ಮೇಲಕ್ಕೆ ನುಗ್ಗಿ ನೇರ ಕಣ್ಣಿನ ಕಡೆಯ ಗಾಜಿಗೆ ತಾಗುತ್ತದೆ. ನೋಡುವಾಗ ಮಫ್ಲರನ್ನು ಗದ್ದದ ಕೆಳಗೆ ಎಳೆದು, ಉಸಿರನ್ನು ಬಾಯಿಯಿಂದ ಕೆಳಮುಖವಾಗಿ ಬಿಡಬೇಕು. ಕಣ್ಣಿನ ರಬ್ಬರನ್ನು ಪೂರ್ತಿ ಒತ್ತಿಕೊಳ್ಳದೆ ತುಸು ಎಡೆ ಬಿಟ್ಟರೆ ಕಣ್ಣಿನ ಪಸೆಯೂ ಆರುತ್ತದೆ. ಎಂ5ನ ಉದ್ದನೆಯ ಐ ರಿಲೀಫ್ ಇಲ್ಲಿ ಅನುಕೂಲ. ಇನ್ನು, ನಸುಕಿನಲ್ಲಿ ದುರ್ಬೀನನ್ನು ಕಾರಿನ ಬಾನೆಟ್ ಮೇಲೋ ಹುಲ್ಲಿನ ಮೇಲೋ ಬಾನಿಗೆ ಮುಖಮಾಡಿ ಇಟ್ಟರೆ ಗಾಜು ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಕೊರಳಲ್ಲಿರಲಿ, ಮುಚ್ಚಳ ಹಾಕಿರಲಿ.

ಕನ್ನಡಕದವರ ಮಾತು ಬೇರೆಯೇ. ಒಲಿಂಪಸ್‌ನ ಐ ರಿಲೀಫ್ 12 ಮಿ.ಮೀ., ಅಕ್ಯುಲಾನ್‌ನದು 11.8. ಕನ್ನಡಕ ಹಾಕಿಕೊಂಡು ನೋಡಿದರೆ ಇವೆರಡರಲ್ಲೂ ವೃತ್ತದ ಅಂಚು ಕತ್ತರಿಸಿ ಹೋಗುತ್ತದೆ, 143 ಮೀಟರ್ ಅಗಲ ಕಾಗದದ ಮೇಲೇ ಉಳಿಯುತ್ತದೆ. ಎಂ5ನಲ್ಲಿ ಕಣ್ಣಿನ ಕಡೆಯ ರಬ್ಬರ್ ಕಪ್ಪನ್ನು (ಐಕಪ್) ತಿರುಗಿಸಿ ಪೂರ್ತಿ ಕೆಳಗಿಳಿಸಿದರೆ ಕನ್ನಡಕದವರಿಗೂ ಇಡೀ ವೃತ್ತ ಕಾಣುತ್ತದೆ. ಕನ್ನಡಕವಿಲ್ಲದವರು ಕಪ್ಪನ್ನು ಮೇಲಕ್ಕೆತ್ತಬೇಕು. ಎತ್ತದೆ ನೋಡಿದರೆ ಕಣ್ಣು ತೀರ ಹತ್ತಿರವಾಗಿ, ಕಪ್ಪು ನೆರಳುಗಳು ಹುರುಳಿಬೀಜದ ಆಕಾರದಲ್ಲಿ ಅತ್ತಿತ್ತ ಓಡಾಡುತ್ತವೆ. 'ದುಬಾರಿ ದುರ್ಬೀನು, ಆದರೂ ಕಪ್ಪು ಕಲೆ ಬರುತ್ತದೆ' ಎಂಬ ದೂರು ಬಹುಪಾಲು ಇದರಿಂದಲೇ.

ಹೊಂದಿಸುವ ಕ್ರಮ ಗೊತ್ತಿಲ್ಲದೆ ಕೈಬಿಟ್ಟವರೂ ಇದ್ದಾರೆ. ಮೊದಲು ಎರಡು ಕೊಳವೆಗಳನ್ನು ನಡುವಿನ ಕೀಲಿನಲ್ಲಿ ಮಡಚುತ್ತ ಎರಡು ವೃತ್ತ ಸೇರಿ ಒಂದೇ ಆಗುವಂತೆ ಮಾಡಿ. ಆಮೇಲೆ 50-60 ಮೀಟರ್ ದೂರದ ಕರೆಂಟ್ ಕಂಬದ ನಂಬರನ್ನು ಗುರಿಯಾಗಿಸಿ, ಬಲಗಡೆಯ ಮುಂದಿನ ಗಾಜಿಗೆ ಮುಚ್ಚಳ ಹಾಕಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಅಂಕಿ ಚೂಪಾಗುವಂತೆ ತಿರುಗಿಸಿ. ಈಗ ಮುಚ್ಚಳವನ್ನು ಎಡಕ್ಕೆ ಹಾಕಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಂಕಿಯನ್ನು ಚೂಪು ಮಾಡಿ. ಒಂದು ಕಣ್ಣು ಮುಚ್ಚುವುದಕ್ಕಿಂತ ಗಾಜು ಮುಚ್ಚುವುದು ವಾಸಿ, ಯಾಕೆಂದರೆ ಕಣ್ಣು ಕಿವುಚಿದಾಗ ಇನ್ನೊಂದು ಕಣ್ಣೂ ಬಿಗಿಯುತ್ತದೆ. ಉಂಗುರ ಎಲ್ಲಿ ನಿಂತಿತೋ ಅಲ್ಲಿ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟರೆ, ಚೀಲದಲ್ಲಿ ಉಜ್ಜಿ ತಿರುಗಿದಾಗ ಮರಳಿ ಕೂಡಿಸಲು ಸುಲಭ. ಮನೆಯಲ್ಲಿ ಬೇರೆಯವರೂ ಬಳಸುತ್ತಿದ್ದರೆ ಅವರ ಚುಕ್ಕೆಗೆ ಇನ್ನೊಂದು ಬಣ್ಣ.

ಈಗ ಗಾಜಿನ ಗುಣ. ಎಂ5ನಲ್ಲಿ ಇ.ಡಿ. (ED) ಗಾಜು ಇದೆ: ಬಣ್ಣಗಳು ಬೇರೆ ಬೇರೆಯಾಗಿ ಚದುರದಂತೆ ಹಿಡಿದಿಡುವ ಗಾಜು. ಪ್ರಿಸ್ಮಿಗೆ, ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡಿಗೆ, ಫೇಸ್ ಕೋಟಿಂಗ್ ಎಂಬ ತೆಳು ಲೇಪ ಇದೆ, ರೂಫ್ ಮಾದರಿಯಲ್ಲಿ ಅದಿಲ್ಲದಿದ್ದರೆ ಸಣ್ಣ ಗೆರೆಗಳು ಮಬ್ಬಾಗುತ್ತವೆ. ಇದರ ಬೆಲೆ ಗೊತ್ತಾಗುವುದು ಹ್ಯಾರಿಯರ್ ಗುರುತಿಸುವಾಗ. ನಮ್ಮ ಮಡ್ಡಿಗೆ ಚಳಿಗಾಲದಲ್ಲಿ ಬರುವವು ಮುಖ್ಯವಾಗಿ ಎರಡು: ಬಿಳಿ ಸೆಳೆವ, ಅಂದರೆ ಪ್ಯಾಲಿಡ್ ಹ್ಯಾರಿಯರ್, ಮತ್ತು ಮಾಂಟೆಗ್ಯು ಹ್ಯಾರಿಯರ್. ಕೆರೆ, ಕಾಲುವೆ, ಕಬ್ಬಿನ ಕಡೆ ಜೌಗು ಸೆಳೆವ ಮೂರನೆಯದು. ಗಂಡುಗಳಲ್ಲಿ ಕಷ್ಟವಿಲ್ಲ. ಬಿಳಿ ಸೆಳೆವದ ಗಂಡು ತೆಳು ಬೂದು-ಬಿಳಿ, ರೆಕ್ಕೆಯ ತುದಿಯಲ್ಲಿ ಚೂಪಾದ ಸಣ್ಣ ಕಪ್ಪು ಬೆಣೆ. ಮಾಂಟೆಗ್ಯು ಗಂಡು ಗಾಢ ಬೂದು, ರೆಕ್ಕೆಯ ತುದಿಯಲ್ಲಿ ಕಪ್ಪು ಹೆಚ್ಚು, ಜೊತೆಗೆ ರೆಕ್ಕೆಯ ನಡುವೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ, ಪಕ್ಕೆಯಲ್ಲಿ ಕಂದು ಗೀರು. ತಲೆನೋವು ಹೆಣ್ಣು ಮತ್ತು ಮರಿಗಳದ್ದು: ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ, ಬಾಲದಲ್ಲಿ ಪಟ್ಟೆ. ಅಲ್ಲಿ ನೋಡಬೇಕಾದ್ದು ಮುಖ. ಗಾಢ ಕೆನ್ನೆಯ ಹಿಂದೆ ಕೊರಳು ಸುತ್ತ ಸ್ಪಷ್ಟವಾದ ಬಿಳಿಚು ಪಟ್ಟಿ ಇದ್ದರೆ ಪ್ಯಾಲಿಡ್. ಮಾಂಟೆಗ್ಯುವಿಗೆ ಅಂಥ ಪಟ್ಟಿ ಇರುವುದಿಲ್ಲ.

ಈ ಪಟ್ಟಿ ಬೆರಳಷ್ಟು ಅಗಲವೂ ಇಲ್ಲ. ಬೆಳ್ಳನೆಯ ಬಾನಿಗೆ ಎದುರಾಗಿ ಹಕ್ಕಿ ತಿರುಗಿದಾಗ ಅಗ್ಗದ ಗಾಜಿನಲ್ಲಿ ಅಂಚಿಗೆಲ್ಲ ನೇರಳೆ-ಹಸಿರು ಬಣ್ಣ ಹರಿದು ಪಟ್ಟಿ ಅದರಲ್ಲಿ ಮುಳುಗುತ್ತದೆ. ಎಂ5ನಲ್ಲಿ ವೃತ್ತದ ನಡುಭಾಗದಲ್ಲಿ ಈ ಬಣ್ಣ ಬಹಳ ಕಡಿಮೆ, ಅಂಚಿಗೆ ಹೋದಂತೆ ಸ್ವಲ್ಪ ಕಾಣುತ್ತದೆ. ಅಂಚಿನಲ್ಲಿ ಚೂಪೂ ತುಸು ಇಳಿಯುತ್ತದೆ. ಹಕ್ಕಿಯನ್ನು ನಡುವೆ ಇಟ್ಟುಕೊಂಡರೆ 8 ಪಟ್ಟಿನಲ್ಲೇ 150 ಮೀಟರ್ ತನಕ ಹೆಣ್ಣು ಹ್ಯಾರಿಯರಿನ ಮುಖ ಓದಬಹುದು. ಒಲಿಂಪಸ್‌ನಲ್ಲಿ ಅದೇ ಕೆಲಸಕ್ಕೆ ಹಕ್ಕಿ ಇನ್ನಷ್ಟು ಹತ್ತಿರ ಬರಬೇಕು. ಬೆಳಕನ್ನು ಬೆನ್ನಿಗಿಟ್ಟುಕೊಳ್ಳುವುದು ಮಾತ್ರ ಯಾವ ಗಾಜಿಗೂ ತಪ್ಪದು: ಬೆಳಗ್ಗೆ ಮಡ್ಡಿಯ ಪೂರ್ವದ ಅಂಚಿನಲ್ಲಿ ನಿಂತು ಪಡುವಣಕ್ಕೆ ನೋಡಿ. ಸೂರ್ಯ ಅಕಸ್ಮಾತ್ತಾಗಿ ಕೂಡ ವೃತ್ತದೊಳಗೆ ಬರಬಾರದು, ಕಣ್ಣಿಗೆ ಶಾಶ್ವತ ಪೆಟ್ಟು.

ನೆಲದ ಮೇಲಿನ ಸಣ್ಣ ಹಕ್ಕಿಗಳ ವಿಷಯದಲ್ಲೂ ಬಣ್ಣದ ನಿಖರತೆಯೇ ಮುಖ್ಯ. ನೆಲಗುಬ್ಬಿ, ಬಾನಾಡಿ, ಪಿಪಿಟ್, ಚಳಿಗಾಲಕ್ಕೆ ಬರುವ ಶಾರ್ಟ್-ಟೋಡ್ ಲಾರ್ಕ್ ಇವೆಲ್ಲ ಮಣ್ಣಿನದೇ ಬಣ್ಣ. ಎದೆಯ ಮೇಲೆ ಗೀರು ಇದೆಯೇ, ಕೊರಳ ಪಕ್ಕ ಕಪ್ಪು ಮಚ್ಚೆ ಇದೆಯೇ ಅನ್ನುವುದರಲ್ಲೇ ಹೆಸರು ನಿರ್ಧಾರ. ಇವು ಒಮ್ಮೊಮ್ಮೆ ಬಂಡಿ ದಾರಿಯಲ್ಲಿ ನಾಲ್ಕೈದು ಮೀಟರಿಗೇ ಇಳಿದುಬಿಡುತ್ತವೆ. ಎಂ5 ಅಷ್ಟು ಹತ್ತಿರ ಫೋಕಸ್ ಆಗುತ್ತದೆ, ಒಲಿಂಪಸ್ 4 ಮೀಟರಿಗೆ ನಿಲ್ಲುತ್ತದೆ, ಅಕ್ಯುಲಾನ್ 10×50 7 ಮೀಟರಿಗಿಂತ ಹತ್ತಿರ ಒಲ್ಲೆ ಅನ್ನುತ್ತದೆ.

ಎಂ5 ಸೋಲುವ ಜಾಗವನ್ನೂ ಹೇಳಬೇಕು. ಆಲಮಟ್ಟಿ ಹಿನ್ನೀರು. ಬೀಳಗಿ ತಾಲ್ಲೂಕಿನ ಹೆರಕಲ್ ಕಡೆ ಫ್ಲೆಮಿಂಗೊ, ಪಟ್ಟೆತಲೆ ಹೆಬ್ಬಾತು ಕೂಡುವುದು ದಂಡೆಯಿಂದ ಬಹುದೂರದ ಕೆಸರಿನಲ್ಲಿ. ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮದಲ್ಲೂ, ಧೂಪದಾಳದ ನೀರಿನ ಹರವಿನಲ್ಲಿ, ಅದೇ ಪಾಡು. ಅಲ್ಲಿ 8 ಪಟ್ಟಿನಲ್ಲಿ ಹಿಂಡು ಎಣಿಸಬಹುದು, ಅಷ್ಟೇ. 10 ಪಟ್ಟಿನಲ್ಲೂ ಹೆಚ್ಚಿನದೇನೂ ದಕ್ಕುವುದಿಲ್ಲ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದುಂಟು. ಅಂಥ ಪಟ್ಟಿಯ ಅಕ್ಷರ ಓದಲು 20-60 ಪಟ್ಟಿನ ಸ್ಪಾಟಿಂಗ್ ಸ್ಕೋಪ್, ಗಟ್ಟಿ ಟ್ರೈಪಾಡ್ ಎರಡೂ ಬೇಕು. ಆದ್ದರಿಂದ ಮುಂದೆಂದಾದರೂ ಸ್ಕೋಪ್ ಕೊಳ್ಳುವ ಯೋಚನೆ ಇರುವವರು ದುರ್ಬೀನಿಗೆ 10 ಪಟ್ಟು ಹುಡುಕುವುದರಲ್ಲಿ ಅರ್ಥವೇ ಇಲ್ಲ. ಎಂ5ನ ಕೀಲಿನ ಮುಂಭಾಗದ ಮುಚ್ಚಳ ಬಿಚ್ಚಿ, ಬೇರೆಯಾಗಿ ಸಿಗುವ ಅಡಾಪ್ಟರ್ ಹಾಕಿದರೆ ಅದೇ ಟ್ರೈಪಾಡಿಗೆ ಇದೂ ಕೂರುತ್ತದೆ. ತಂಗುದಾಣಕ್ಕೆ ಸಂಜೆ ಮರಳುವ ಹ್ಯಾರಿಯರ್ ಎಣಿಸುವವರಿಗೆ ಅದು ಉಪಯೋಗ.

ನಮ್ಮ ಕಡೆ ದುರ್ಬೀನನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ಧೂಳು. ಎರೆ ಮಣ್ಣಿನ ಹುಡಿ ಹಿಟ್ಟಿಗಿಂತ ನುಣ್ಣಗೆ, ಆದರೆ ಅದರಲ್ಲಿ ಸುಣ್ಣಕಲ್ಲಿನ ಚೂರು, ಮರಳು ಕೂಡ ಇರುತ್ತದೆ. ಅದರ ಮೇಲೆ ಟವೆಲ್ಲಿನಿಂದಲೋ ಅಂಗಿಯ ತುದಿಯಿಂದಲೋ ಉಜ್ಜಿದರೆ ಕೋಟಿಂಗ್ ಮೇಲೆ ಗೀರು ಬಿದ್ದೇ ಬೀಳುತ್ತದೆ, ಗೀರಿದ ಕೋಟಿಂಗ್ ಮರಳಿ ಬಾರದು. ಮೊದಲು ದುರ್ಬೀನನ್ನು ತಲೆಕೆಳಗಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಸೇರಿ ಕೆಸರಾಗುತ್ತದೆ. ಉಳಿದದ್ದನ್ನು ಮೆತ್ತನೆಯ ಲೆನ್ಸ್ ಬ್ರಷ್ಷಿನಿಂದ ತೆಗೆದು, ಕೊನೆಗೆ ಎರಡು ಹನಿ ಲೆನ್ಸ್ ದ್ರಾವಣವನ್ನು ಮೈಕ್ರೋಫೈಬರ್ ಬಟ್ಟೆಗೆ, ಗಾಜಿಗಲ್ಲ, ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ಮೈಗೆ ಹಿಡಿದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಎಂ5ಗೆ ಅಷ್ಟು ಧೈರ್ಯ ಉಂಟು. ಪೊರೊ ಜೋಡಿಗಳಿಗೆ ಆ ಸಾಹಸ ಬೇಡ.

ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಅಂಗಡಿಯ ಬಾಗಿಲಿಗೆ ಬಂದು, ದೂರದ ಕರೆಂಟ್ ತಂತಿಯನ್ನು ನೋಡುತ್ತ ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ. ಎರಡು ವೃತ್ತ ಬೇರೆಯಾದಾಗಲೂ ಎರಡರಲ್ಲೂ ತಂತಿ ಒಂದೇ ಎತ್ತರದಲ್ಲಿರಬೇಕು. ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ ಇದ್ದರೆ ಒಳಗಿನ ಪ್ರಿಸ್ಮ್ ಸರಿದಿದೆ. ಅಂಥದರಲ್ಲಿ ಕಾಲು ಗಂಟೆ ನೋಡಿದರೆ ತಲೆ ಸಿಡಿಯುತ್ತದೆ. ಕೆಳಗೆ ಬಿದ್ದ ದುರ್ಬೀನಿಗೂ ಇದೇ ಪರೀಕ್ಷೆ. ಮುಂದೆ, ತೋಳಿನುದ್ದ ದೂರ ಹಿಡಿದು ಬೆಳಕಿಗೆ ತೋರಿಸಿ: ಕಣ್ಣಿನ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ಗುಂಡಗಿರಬೇಕು, ನಾಲ್ಕು ಮೂಲೆ ಮಸುಕಾಗಿ ಚೌಕದಂತೆ ಕಂಡರೆ ಪ್ರಿಸ್ಮ್ ಅಗ್ಗದ್ದು. ಜಾತ್ರೆ, ಸಂತೆಯಲ್ಲಿ ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಗಾಜಿನ, '20-180 ಪಟ್ಟು' ಎಂದು ಬರೆದ ಜೂಮ್ ದುರ್ಬೀನುಗಳು ಸಿಗುತ್ತವಲ್ಲ, ಅವುಗಳಲ್ಲಿ ಕೆಂಪು ಬೆಳಕು ಹೊರಕ್ಕೆ ಪ್ರತಿಫಲಿಸಿ ಹಕ್ಕಿಯೆಲ್ಲ ನೀಲಿ-ಹಸಿರಾಗಿ ಕಾಣುತ್ತದೆ. ಮಕ್ಕಳ ಆಟಕ್ಕೂ ಬೇಡ.

ಜೊತೆಗೆ ಬರುವ ಕೊರಳಪಟ್ಟಿ ಎರಡು ಗಂಟೆಗೆ ಸರಿ. ಅದಕ್ಕಿಂತ ಹೆಚ್ಚು ಹೊತ್ತು ನಡೆಯುವವರು ಎರಡೂ ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಕೊಳ್ಳಿ. ಒಡ್ಡು ದಾಟುವಾಗ ಬಾಗಿದರೆ ದುರ್ಬೀನು ತೂಗಾಡಿ ಕಲ್ಲಿಗೆ ಬಡಿಯುವುದೂ ಅದರಿಂದ ತಪ್ಪುತ್ತದೆ.

ಕೊರಳಲ್ಲಿ ದುರ್ಬೀನು ಹಾಕಿಕೊಂಡು ಹೊಲದ ಬದುವಿನಲ್ಲಿ ನಿಂತವರಿಗೆ 'ಯಾವ ಸರ್ವೇರೀ ಸಾಹೇಬ್ರ ಇದು?' ಎಂಬ ಪ್ರಶ್ನೆ ಬರದೆ ಇರದು. ಕೃಷ್ಣೆಯ ಹಿನ್ನೀರಿಗೆ ಹೊಲ ಕಳೆದುಕೊಂಡ ಊರುಗಳಲ್ಲಿ ಆ ಪ್ರಶ್ನೆಯ ಹಿಂದೆ ನಿಜವಾದ ದಿಗಿಲಿದೆ. 'ಸರ್ವೆ ಅಲ್ಲರೀ ಯಜಮಾನ್ರ, ಹಕ್ಕಿ ನೋಡಾಕ ಬಂದೀವಿ' ಎಂದು ಹೇಳಿ, ದುರ್ಬೀನನ್ನೇ ಅವರ ಕೈಗೆ ಕೊಡುವುದು ಒಳ್ಳೆಯದು. ಸೀತನಿ, ಅಂದರೆ ಹಸಿ ಜೋಳದ ತೆನೆಯ, ಕಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ತೆನೆಗೆ ಬಿದ್ದಾಗ ಕವಣೆ ಹಿಡಿದು ಅಟ್ಟ ಹತ್ತಿದವರಿಗೆ ಹಕ್ಕಿಯ ಮೇಲೆ ಪ್ರೀತಿ ಉಕ್ಕಲಿ ಎಂದು ಬಯಸುವುದು ಅತಿಯಾಯಿತು. ಆದರೆ ಹ್ಯಾರಿಯರ್ ಮಿಡತೆ ಹಿಡಿಯುವುದನ್ನು ಒಮ್ಮೆ ತೋರಿಸಿದರೆ ಮುಂದಿನ ಸಲ ಅವರೇ ಎಲ್ಲಿ ಕೂತಿದೆ ಎಂದು ಹೇಳುತ್ತಾರೆ. ಬೆಳೆಯೊಳಗೆ ಇಳಿಯದೆ ಒಡ್ಡಿನ ಮೇಲೆಯೇ ನಡೆಯಬೇಕು. ತಿಕೋಟಾ, ಬಬಲೇಶ್ವರ ಕಡೆ ನೀರಾವರಿ ಬಂದಮೇಲೆ ಮಡ್ಡಿಯ ಎಷ್ಟೋ ಭಾಗ ದ್ರಾಕ್ಷಿ, ಕಬ್ಬಾಗಿದೆ. ಉಳಿದ ಹುಲ್ಲುಗಾವಲು ಚಿಕ್ಕದಾದಷ್ಟೂ ಹಕ್ಕಿ ಕಾಣುವ ದೂರವೂ ಚಿಕ್ಕದಾಗುತ್ತಿದೆ. 8 ಪಟ್ಟಿಗೆ ಅದೂ ಒಂದು ಕಾರಣ, ಸಂತೋಷದ್ದಲ್ಲ.

ಯಾರಿಗೆ ಯಾವುದು? ಕನ್ನಡಕದವರು, ನಸುಕಿನ ಇಬ್ಬನಿಯಲ್ಲಿ ನಿಲ್ಲುವವರು, ಹ್ಯಾರಿಯರ್ ಮತ್ತು ಬಾನಾಡಿಗಳನ್ನು ಹೆಸರು ಹಿಡಿದು ಗುರುತಿಸಬೇಕೆನ್ನುವವರು ಎಂ5 8×42 ಕೊಳ್ಳಲಿ. ಕನ್ನಡಕವಿಲ್ಲ, ಬಜೆಟ್ಟೂ ಇಲ್ಲ, ಮಳೆಗಾಲದಲ್ಲಿ ಹೊರಗೆ ಹೋಗುವುದೂ ಇಲ್ಲ ಅನ್ನುವವರಿಗೆ ಒಲಿಂಪಸ್ 8×40 ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆ ಅಗಲದ ನೋಟ ಎಂ5ನಲ್ಲೂ ಸಿಗದು. 10×50 ಮಹಡಿಯ ಮೇಲೆ ಕೂತು ಚಂದ್ರ, ನಕ್ಷತ್ರ ನೋಡುವವರಿಗಿರಲಿ. ಎಂ5ನದೇ 10×42 ಕೂಡ ಇದೆ, ಆದರೆ ಅದರ ನೋಟದ ಅಗಲ 1000 ಮೀಟರಿಗೆ 98 ಮೀಟರ್ ಮಾತ್ರ, ಬೆಳಕಿನ ಬಿಲ್ಲೆ 4.2 ಮಿ.ಮೀ. ಮಡ್ಡಿಗೆ ಅದು ಬೇಡ.

ಏಪ್ರಿಲ್ ಹೊತ್ತಿಗೆ ವಲಸೆ ಹಕ್ಕಿ ಹೋದಮೇಲೆ ಚರ್ಮದ ಚೀಲದಲ್ಲಿ ಮುಚ್ಚಿ ಅಲಮಾರಿಗೆ ತಳ್ಳಬೇಡಿ. ಮುಖ್ಯವಾಗಿ ಬೆಳಗಾವಿ, ಖಾನಾಪುರದವರು: ಅಲ್ಲಿನ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಜೇಡನ ಬಲೆಯಂತೆ ಹಬ್ಬಿ ಕೋಟಿಂಗನ್ನೇ ತಿನ್ನುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂನಷ್ಟು ಸಿಲಿಕಾ ಜೆಲ್ ಜೊತೆ ಇಟ್ಟು, ಹರಳಿನ ಬಣ್ಣ ಬದಲಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಪೂರ್ತಿ ಆರಿಸಿ ಮತ್ತೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು.